ಬೋನು, ಉರುಳು, ಗುಂಡಿ

ಕಳೆದ ಸರ್ವಸದಸ್ಯರ ಸಭೆಯ ದಿನ ಕಾಫಿಯ ಹೊತ್ತಿನಲ್ಲಿ ಕಿರಿಯ ಸದಸ್ಯರೊಬ್ಬರು ನಮ್ಮನ್ನು ಪಕ್ಕಕ್ಕೆ ಕರೆದು, "ಕಾರ್ಯದರ್ಶಿಗಳೇ, ಹಂದಿ ಕಾಟ ತಡೆಯಲಾಗುತ್ತಿಲ್ಲ. ನೆಟ್ಟ ಅಡಕೆ ಸಸಿಯಲ್ಲಿ ಅರ್ಧ ಉಳಿದಿಲ್ಲ. ಹಿಂದಿನವರು ಗುಂಡಿ ತೋಡಿ ಹಿಡಿಯುತ್ತಿದ್ದರಂತಲ್ಲ, ಅದರ ಅಳತೆ ಎಷ್ಟು?" ಎಂದು ಕೇಳಿದರು. ಲೆಕ್ಕಪತ್ರ ಮಂಡನೆಯ ಗಡಿಬಿಡಿಯಲ್ಲಿದ್ದ ನಾವು "ಅದೆಲ್ಲ ಬೇಡ ಮಾರಾಯರೆ" ಎಂದು ಒಂದೇ ಮಾತಿನಲ್ಲಿ ಮುಗಿಸಿ ವೇದಿಕೆ ಹತ್ತಿದೆವು. ಅವರ ಮುಖ ಸಣ್ಣದಾದುದನ್ನು ಆಮೇಲೆ ನೆನೆದು ನಮಗೇ ಸರಿಯೆನಿಸಲಿಲ್ಲ. ಕಷ್ಟದಲ್ಲಿರುವವರು ಕೇಳಿದ ಪ್ರಶ್ನೆಗೆ ಕಾರಣ ಸಹಿತ ಉತ್ತರ ಕೊಡುವುದು ಸಂಘದ ಕರ್ತವ್ಯ. ಆದುದರಿಂದ ಈ ಸಂಚಿಕೆಯಲ್ಲಿ ಬೋನು, ಉರುಳು, ಗುಂಡಿಗಳ ವಿಚಾರವಾಗಿ ನಮಗೆ ತಿಳಿದಷ್ಟನ್ನು ಬರೆಯುತ್ತಿದ್ದೇವೆ. ಅಳತೆಯನ್ನು ಮಾತ್ರ ಹೇಳುವುದಿಲ್ಲ.

ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳಬೇಕು. ನಾವು ಮಾಧ್ಯಮಿಕ ಶಾಲೆಯಲ್ಲಿದ್ದಾಗ ನಮ್ಮ ತಂದೆಯವರು ತೋಟದ ಮೂಡಣ ಮೂಲೆಯಲ್ಲಿ, ಅಗಳ ಕುಸಿದು ಹಂದಿಗಳು ದಾರಿ ಮಾಡಿಕೊಂಡಿದ್ದ ಜಾಗದಲ್ಲಿ, ಒಂದು ಗುಂಡಿ ತೋಡಿಸಿದ್ದರು. ಮೇಲೆ ವಾಟೆಯ ಸೀಳು, ಅದರ ಮೇಲೆ ಸೊಪ್ಪು, ಅದರ ಮೇಲೆ ತರಗೆಲೆ. ತೆಗೆದ ಮಣ್ಣನ್ನು ಒಂದು ಬುಟ್ಟಿಯೂ ಅಲ್ಲಿ ಬಿಡದೆ ದೂರ ಹೊರಿಸಿದ್ದರು. ಮೂರು ವಾರ ಏನೂ ಬೀಳಲಿಲ್ಲ. ನಾಲ್ಕನೆಯ ವಾರ ಬಿತ್ತು. ಬಿದ್ದುದು ಪಕ್ಕದ ಮನೆಯ ನಮ್ಮ ದೊಡ್ಡಪ್ಪನವರ ಗಬ್ಬದ ಎಮ್ಮೆ. ಬೇಲಿ ದಾಟಿ ಮೇಯಲು ಬಂದದ್ದು ಎಮ್ಮೆಯ ತಪ್ಪು ಎಂದು ಆ ಹೊತ್ತಿನಲ್ಲಿ ಯಾರು ಹೇಳಬಲ್ಲರು? ಎಂಟು ಆಳು ಸೇರಿ, ಹಗ್ಗ ಕಟ್ಟಿ ಎಳೆದರೂ ಮೇಲೆ ಬರಲಿಲ್ಲ. ಕಡೆಗೆ ಹಳಬರೊಬ್ಬರು ಬಂದು, "ಎಳೆಯಬೇಡಿ, ಮಣ್ಣು ತುಂಬಿ" ಎಂದರು. ಒಂದು ಪಕ್ಕದಿಂದ ಬುಟ್ಟಿ ಬುಟ್ಟಿಯಾಗಿ ಮಣ್ಣು, ಕಟ್ಟಿಗೆ, ಹುಲ್ಲು ಹಾಕುತ್ತ ಹೋದಂತೆ ಎಮ್ಮೆ ಅದನ್ನು ತುಳಿದು ತುಳಿದು ಮೇಲೇರಿತು. ಬೆಳಿಗ್ಗೆ ಬಿದ್ದ ಜೀವ ಹೊರಬಂದುದು ದೀಪ ಹಚ್ಚುವ ಹೊತ್ತಿಗೆ. ಎಮ್ಮೆ ಬದುಕಿತು, ಕರು ಉಳಿಯಲಿಲ್ಲ. ಎರಡು ಮನೆಗಳ ನಡುವೆ ಮಾತು ನಿಂತುದು ಆರು ವರ್ಷ. ನಮ್ಮ ಅಕ್ಕನ ಮದುವೆಗೂ ದೊಡ್ಡಪ್ಪ ಬರಲಿಲ್ಲ.

ಗುಂಡಿ ಎಂದೊಡನೆ ನಮಗೆ ನೆನಪಾಗುವುದು ಆ ಎಮ್ಮೆಯ ಉಸಿರಿನ ಸದ್ದು. ಇರಲಿ.

ಪ್ರಾಣಿಯನ್ನು ಹಿಡಿಯುವ ಸಾಧನಗಳು ನೂರಿದ್ದರೂ ಮೂಲದಲ್ಲಿ ಅವು ಕೆಲವೇ ಬಗೆ. ಒಳಗೆ ಬರಗೊಟ್ಟು ಬಾಗಿಲು ಮುಚ್ಚುವುದು ಬೋನು. ಇಲಿಯ ಪೆಟ್ಟಿಗೆಯಿಂದ ಅರಣ್ಯ ಇಲಾಖೆಯವರು ಚಿರತೆಗೆ ಇಡುವ ದೊಡ್ಡ ಪಂಜರದವರೆಗೆ ಎಲ್ಲವೂ ಇದೇ ಜಾತಿ. ಕುತ್ತಿಗೆಗೋ ಕಾಲಿಗೋ ಬಿದ್ದು ಬಿಗಿಯುವುದು ಉರುಳು. ಹಲ್ಲು ಕಚ್ಚುವುದು ಕತ್ತರಿ. ಮೇಲಿನಿಂದ ಕಲ್ಲೋ ಮರದ ತುಂಡೋ ಬಿದ್ದು ಜಜ್ಜುವುದು ಇನ್ನೊಂದು. ಮಳೆಗಾಲದಲ್ಲಿ ಹತ್ತುಮೀನಿಗೆ ಇಡುವ ಕೂಳಿ ಸುಲಭವಾಗಿ ಒಳಗೆ ಬಿಟ್ಟು ಹೊರಗೆ ಬಿಡದ ಉಪಾಯ. ಇವುಗಳಲ್ಲೆಲ್ಲ ಒಂದು ಚಲಿಸುವ ಅಂಗವೋ ಹೆಣಿಗೆಯ ಕೌಶಲವೋ ಇದೆ. ಬಾಗಿಲ ಕೊಂಡಿ ತುಕ್ಕು ಹಿಡಿದರೆ ಬೋನು ಕೆಟ್ಟಿತು. ತಂತಿ ಸಡಿಲಾದರೆ ಉರುಳು ಕೆಟ್ಟಿತು. ಗುಂಡಿಗೆ ಅದೊಂದೂ ಇಲ್ಲ. ಅದು ಕೆಡುವುದಿಲ್ಲ, ಮರೆಯುವುದಿಲ್ಲ, ತೋಡಿದವನು ತೀರಿಕೊಂಡರೂ ಕೆಲಸ ನಿಲ್ಲಿಸುವುದಿಲ್ಲ.

ಗುಂಡಿ ಕೆಲಸ ಮಾಡುವ ಬಗೆಯನ್ನು ನೋಡಬೇಕಾದರೆ ಕಾಡಿಗೆ ಹೋಗಬೇಕಾಗಿಲ್ಲ. ಬೇಸಿಗೆಯಲ್ಲಿ ನಿಮ್ಮ ಕಣದ ಪಕ್ಕದ ಕೊಟ್ಟಿಗೆಯ ಸೂರಿನ ಕೆಳಗೆ, ಮಳೆ ಬೀಳದ ಒಣ ದೂಳಿನಲ್ಲಿ, ಹುಡುಗರು ಊದಿ ಆಡುವ ಪುಟ್ಟ ಪುಟ್ಟ ಕುಳಿಗಳನ್ನು ನೋಡಿ. ತಳದಲ್ಲಿ ಹುದುಗಿ ಕೂತ ಹುಳುವಿಗೆ ಪುಸ್ತಕದಲ್ಲಿ ಇರುವೆ ಸಿಂಹ ಎಂದು ಹೆಸರು. ಅದರ ಕುಳಿಯ ಗೋಡೆ ಕಡಿದಾಗಿಲ್ಲ, ಲಾಳಿಕೆಯಂತೆ ಇಳಿಜಾರು. ಸಡಿಲ ದೂಳು ಕುಸಿಯದೆ ನಿಲ್ಲಬಲ್ಲ ಕಟ್ಟಕಡೆಯ ಓರೆಯಲ್ಲಿ ಅದನ್ನು ಕೊರೆದಿರುತ್ತದೆ. ಇರುವೆಯ ಕಾಲು ಬಿದ್ದೊಡನೆ ಆ ಓರೆ ಮುರಿದು ಕಾಲಡಿಯ ದೂಳೇ ಕೆಳಗೆ ಹರಿಯುತ್ತದೆ. ಇರುವೆ ಹತ್ತಲು ಹೆಣಗಿದಷ್ಟೂ ಕೆಳಗೆ ಜಾರುತ್ತದೆ. ಜಾರದಿದ್ದರೆ ಹುಳು ತಳದಿಂದ ದೂಳೆರಚಿ ಜಾರಿಸುತ್ತದೆ. ಗೋಡೆ ಎತ್ತರವೇ ಆಗಬೇಕೆಂದಿಲ್ಲ, ಕಾಲಿಗೆ ಹಿಡಿತ ಸಿಗದಿದ್ದರೆ ಸಾಕು ಎಂಬುದನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಈ ಮಾತಿಗೆ ಮತ್ತೆ ಬರುತ್ತೇವೆ.

ದೊಡ್ಡ ಪ್ರಾಣಿಯ ಗುಂಡಿಯಲ್ಲಿಯೂ ತತ್ತ್ವ ಇದೇ. ಪ್ರಾಣಿಯನ್ನು ಕೆಡಹುವುದು ಗುಂಡಿಯ ಬಲವಲ್ಲ. ಪ್ರಾಣಿಯದೇ ಭಾರ ಮತ್ತು ಅದರದೇ ಅಭ್ಯಾಸ. ಕಾಡುಪ್ರಾಣಿಗಳು ನಾವು ಪೇಟೆಗೆ ಹೋಗುವಂತೆ ಗೊತ್ತಾದ ದಾರಿಯಲ್ಲಿಯೇ ನೀರಿಗೂ ಮೇವಿಗೂ ಹೋಗುತ್ತವೆ. ಮುಂಗಾಲಿನ ಮೇಲೆ ಭಾರ ಹಾಕಿ ನಡೆಯುವ ಪ್ರಾಣಿಗೆ ಮುಂಗಾಲು ಕುಸಿದೊಡನೆ ಹಿಂದೆ ಸರಿಯಲು ಸಮಯವಿರುವುದಿಲ್ಲ. ಒಳಗೆ ಬಿದ್ದ ಮೇಲೆ ಓಡಿ ನೆಗೆಯಲು ಜಾಗವಿಲ್ಲ. ಇಕ್ಕಟ್ಟಾದಷ್ಟೂ ಗುಂಡಿ ಗಟ್ಟಿ. ನಮ್ಮ ಕಡೆಯ ಜಂಬಿಟ್ಟಿಗೆ ಮಣ್ಣು ಗೋಡೆಯಂತೆ ನೆಟ್ಟಗೆ ನಿಲ್ಲುವುದರಿಂದ ಇಲ್ಲಿ ತೋಡಿದ ಗುಂಡಿ ಹಲವು ಮಳೆಗಾಲ ಹಾಗೆಯೇ ಉಳಿಯುತ್ತದೆ. ಹೊಸ ಮಣ್ಣಿನ ವಾಸನೆ ಹೋಗಲು ಒಂದೆರಡು ಮಳೆ ಬೇಕು. ನಮ್ಮ ತಂದೆಯವರ ಗುಂಡಿಗೆ ಮೂರು ವಾರ ಹಂದಿ ಬೀಳದಿದ್ದುದು ಇದರಿಂದಲೇ ಇರಬೇಕು. ಹಂದಿಯ ಮೂಗಿಗೆ ತಿಳಿದುದು ಎಮ್ಮೆಗೆ ತಿಳಿಯಲಿಲ್ಲ.

ಇದೇ ಉಪಾಯವನ್ನು ಮನುಷ್ಯ ಆನೆಯ ಮೇಲೂ ಹೂಡಿದ. ಆ ಕಥೆ ನಮಗೆ ಹಿಡಿದದ್ದು ಮಲೆನಾಡಿನಲ್ಲಲ್ಲ, ಆನೆಯ ಸುಳಿವೇ ಇಲ್ಲದ ಬಯಲು ನಾಡಿನಲ್ಲಿ. ಕೆಲವು ವರ್ಷಗಳ ಹಿಂದೆ ಅಡಕೆ ತೋಟದ ಬೇರುಹುಳುವಿನ ವಿಚಾರ ತಿಳಿಯಲು ನಾವು ಜುಗೂಳಕ್ಕೆ ಹೋಗಿದ್ದೆವು. ಮೊದಲು ಅಥಣಿಗೂ ಈಗ ಕಾಗವಾಡ ತಾಲ್ಲೂಕಿಗೂ ಸೇರಿದ, ಕೃಷ್ಣೆಯ ದಂಡೆಯ ಕಬ್ಬಿನ ಊರು ಅದು. ಅಡಕೆಯವರಿಗೆ ಕಬ್ಬಿನ ಊರಿನಲ್ಲಿ ಏನು ಕೆಲಸ ಎಂದು ನೀವು ಕೇಳಬಹುದು. ನಮ್ಮ ತೋಟಗಳಲ್ಲಿ ಅಡಕೆ ಬೇರು ತಿಂದು ಮರವನ್ನು ಹಳದಿ ಮಾಡುವ ಲ್ಯೂಕೋಫೋಲಿಸ್ ಲೆಪಿಡೋಫೋರ ಎಂಬ ಹುಳುವೇ ಕೃಷ್ಣಾ ಕಣಿವೆಯ ಹೊಳೆದಂಡೆಯ ಕಬ್ಬಿಗೂ ಶತ್ರು. ಹುಳು ಒಂದೇ ಆದ ಮೇಲೆ ಕಷ್ಟವನ್ನೂ ಹಂಚಿಕೊಳ್ಳಬಹುದಲ್ಲ ಎಂದು ಹೊರಟೆವು.

ಹುಳುವಿನ ಕೆಲಸ ಇರುವುದು ಮುಸ್ಸಂಜೆಗೆ. ಹಗಲು ಬಿಡುವಿತ್ತೆಂದು ಹೊಳೆ ದಾಟಿ ಎದುರು ದಂಡೆಯ ಖಿದ್ರಾಪುರಕ್ಕೆ ಹೋದೆವು. ಅದು ಮಹಾರಾಷ್ಟ್ರದ ಕೊಲ್ಲಾಪುರ ಜಿಲ್ಲೆ. ಅಲ್ಲಿಯ ಕೋಪೇಶ್ವರ ದೇವಾಲಯ ಶಿಲಾಹಾರರ ಕಾಲದ್ದು, 12ನೆಯ ಶತಮಾನದ್ದು. ಗುಡಿಯ ತಳಪಾಯದ ಸುತ್ತ ಆನೆಗಳ ಸಾಲು. ಕಟ್ಟಡದ ಭಾರವನ್ನೆಲ್ಲ ಅವೇ ಹೊತ್ತು ನಿಂತ ಹಾಗೆ. ಸುತ್ತ ಎಲ್ಲಿ ನೋಡಿದರೂ ಬಯಲು ಮತ್ತು ಎರೆಭೂಮಿ. ಇಲ್ಲಿಯ ಕಲ್ಲುಕುಟಿಗನಿಗೆ ಆನೆಯ ಮೈಮುರಿ ಇಷ್ಟು ಚೆನ್ನಾಗಿ ಗೊತ್ತಿದ್ದುದು ಹೇಗೆ ಎಂದು ಜೊತೆಗಿದ್ದ ಸದಸ್ಯರು ಕೇಳಿದರು. ಉತ್ತರ ಕಷ್ಟದ್ದಲ್ಲ. ಆ ಕಾಲದ ಅರಸರಿಗೆ ಆನೆ ಎಂದರೆ ಸೈನ್ಯ, ಸೈನ್ಯಕ್ಕೆ ಆನೆ ಬರುತ್ತಿದ್ದುದು ಕಾಡಿನಿಂದ. ಶಿಲಾಹಾರರ ಮೇಲಿನ ಸಾರ್ವಭೌಮರಾಗಿದ್ದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರ ಅದೇ ಶತಮಾನದ ಮೊದಲ ಭಾಗದಲ್ಲಿ ಮಾನಸೋಲ್ಲಾಸ ಎಂಬ ಸಂಸ್ಕೃತ ಗ್ರಂಥ ರಚಿಸಿದ. ಅದರಲ್ಲಿ ಆನೆ ಹಿಡಿಯುವ ಕ್ರಮಗಳಿವೆ. ಆವರಣಕ್ಕೆ ಅಟ್ಟಿ ಹಿಡಿಯುವುದು, ಪಳಗಿದ ಹೆಣ್ಣಾನೆಗಳನ್ನು ಬಿಟ್ಟು ಹಿಡಿಯುವುದು, ಮುಚ್ಚಿದ ಗುಂಡಿಗೆ ಕೆಡಹುವುದು ಅವುಗಳಲ್ಲಿ ಸೇರಿವೆ. ಎಂದರೆ ಒಂಬೈನೂರು ವರ್ಷದ ಹಿಂದೆಯೇ ಗುಂಡಿ ಶಾಸ್ತ್ರಕ್ಕೆ ಸೇರಿತ್ತು.

ಆನೆಗುಂಡಿಯ ಕೆಲಸ ಸುಲಭದ್ದಲ್ಲ. ಅನುಮಾನ ಬಂದ ಕಡೆ ಆನೆ ಸೊಂಡಿಲಿನಿಂದ ನೆಲ ತಟ್ಟಿ ನೋಡುತ್ತದೆ. ಆದುದರಿಂದ ಆನೆಗಳು ಯೋಚಿಸದೆ ನಡೆಯುವ ಹಳೆಯ ದಾರಿಗಳಲ್ಲಿ, ಒಂದಲ್ಲ, ನಾಲ್ಕಾರು ಗುಂಡಿಗಳನ್ನು ಒತ್ತೊತ್ತಾಗಿ ತೋಡುತ್ತಿದ್ದರು. ಒಂದನ್ನು ತಪ್ಪಿಸಿದ್ದು ಇನ್ನೊಂದಕ್ಕೆ ಬೀಳಲಿ ಎಂದು. ಆಳ ಆನೆಯ ಎತ್ತರಕ್ಕಿಂತ ಹೆಚ್ಚು. ಅಗಲ ಮಾತ್ರ ಮೈ ತಿರುಗಿಸಲಾರದಷ್ಟು ಕಡಿಮೆ. ಅಗಲ ಹೆಚ್ಚಾದರೆ ಆನೆ ದಂತದಿಂದಲೂ ಕಾಲಿನಿಂದಲೂ ಗೋಡೆ ಕೆಡಹಿ, ಮಣ್ಣನ್ನು ತುಳಿದು ತಾನೇ ಹತ್ತಿ ಬರುತ್ತದೆ. ಹಿಡಿದ ಆನೆಯನ್ನು ಮೇಲೆ ತರುವಾಗಲೂ ಅದೇ ಉಪಾಯ: ಕೊರಳಿಗೂ ಹಿಂಗಾಲಿಗೂ ಹಗ್ಗ ಹಾಕಿ ಪಳಗಿದ ಆನೆಗಳಿಗೆ ಕಟ್ಟಿ, ಗುಂಡಿಗೆ ಮರದ ದಿಮ್ಮಿಗಳನ್ನು ಒಂದೊಂದಾಗಿ ಹಾಕುವುದು. ನಮ್ಮ ದೊಡ್ಡಪ್ಪನವರ ಎಮ್ಮೆಯನ್ನು ಎತ್ತಿದ ಹಾಗೆಯೇ.

ಎಷ್ಟೋ ಟನ್ನು ಭಾರದ ಪ್ರಾಣಿ ಮುಗ್ಗರಿಸಿ ಬಿದ್ದರೆ ಆಗುವುದೇನು? ಕಾಲು ಮುರಿಯುತ್ತದೆ, ಒಳಗೆ ಪೆಟ್ಟಾಗುತ್ತದೆ, ಮರಿ ಹೊತ್ತದ್ದಾದರೆ ಮರಿ ಹೋಗುತ್ತದೆ. ಸಮಯಕ್ಕೆ ಯಾರೂ ಬಂದು ನೋಡದಿದ್ದರೆ ನೀರಿಲ್ಲದೆ ಅಲ್ಲಿಯೇ ಸಾಯುತ್ತದೆ. 1864ರಲ್ಲಿ ಮೈಸೂರು ಸೀಮೆಗೆ ಬಂದು ನಾಲೆಗಳ ಉಸ್ತುವಾರಿ ನೋಡುತ್ತಿದ್ದ ಜಿ. ಪಿ. ಸ್ಯಾಂಡರ್ಸನ್ ಎಂಬ ಅಧಿಕಾರಿ ಈ ಗುಂಡಿಗಳ ಕ್ರೌರ್ಯವನ್ನು ತನ್ನ 1878ರ ಪುಸ್ತಕದಲ್ಲಿ ಖಂಡಿಸಿದ್ದಾನೆ. ಸ್ವತಃ ದೊಡ್ಡ ಬೇಟೆಗಾರನಾಗಿದ್ದವನ ಮಾತು ಇದು, ಅಹಿಂಸಾವಾದಿಯದಲ್ಲ. ಮಂದೆಯನ್ನು ಅಟ್ಟಿ ಗಟ್ಟಿ ಆವರಣಕ್ಕೆ ತುಂಬುವ ಕ್ರಮವನ್ನು ಮೈಸೂರಿನಲ್ಲಿ ನಡೆಸಲು ಅವನು 1873ರಲ್ಲಿ ಹೊರಟಾಗ ನಗಾಡಿದವರೇ ಹೆಚ್ಚು. ಹೈದರಾಲಿ ಹಿಂದೆ ಇದೇ ಪ್ರಯತ್ನ ಮಾಡಿ ಸೋತು, ಮುಂದೆ ಯತ್ನಿಸುವವರಿಗೆ ಶಾಪ ಹಾಕಿ ಕಲ್ಲು ನೆಡಿಸಿದ್ದನೆಂದು ಸ್ಯಾಂಡರ್ಸನ್ನನೇ ಬರೆದಿದ್ದಾನೆ. ಶಾಪ ಫಲಿಸಲಿಲ್ಲ. ಕಾಕನಕೋಟೆಯ ಖೆಡ್ಡಾ ಲೋಕಪ್ರಸಿದ್ಧವಾಗಿ, ಕಬಿನಿ ಹೊಳೆಗೆ ಇಳಿಸಿ ಆನೆ ಅಟ್ಟುವುದನ್ನು ನೋಡಲು ದೇಶವಿದೇಶದ ಗಣ್ಯರು ಬಂದರು. 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. 1974ರಲ್ಲಿ ಪೂರ್ತಿಯಾದ ಕಬಿನಿ ಅಣೆಕಟ್ಟಿನ ಹಿನ್ನೀರು ಆ ಕಾಡನ್ನು ಮುಳುಗಿಸಿತು.

ಇಲ್ಲೊಂದು ತಮಾಷೆಯಿದೆ. ಖೆಡ್ಡಾ ಎಂಬುದು ಅಟ್ಟುವುದು ಎಂಬ ಅರ್ಥದ ಉತ್ತರದ ಮಾತಿನಿಂದ ಬಂದ ಪದ. ನಾವು ಕನ್ನಡಿಗರು ಅದನ್ನು ಕಿವಿಯಲ್ಲಿ ಕೇಳಿ ನಮ್ಮ ಹಳೆಯ ಗುಂಡಿಯನ್ನೇ ಅದರೊಳಗೆ ತುಂಬಿಬಿಟ್ಟೆವು. ಮೋಸ ಹೋದವನನ್ನು ಖೆಡ್ಡಾಕ್ಕೆ ಬಿದ್ದ ಎನ್ನುತ್ತೇವೆ. ನಿಜವಾದ ಖೆಡ್ಡಾದಲ್ಲಿ ಬೀಳುವುದಕ್ಕೆ ಏನೂ ಇಲ್ಲ!

ಕೇರಳದ ಕೋನ್ನಿ, ಕೋಡನಾಡು ಕಡೆಗಳಲ್ಲಿ ಗುಂಡಿಯಿಂದ ಆನೆ ಹಿಡಿಯುವುದು ಸ್ವಾತಂತ್ರ್ಯ ಬಂದ ಮೇಲೂ ನಡೆದು 1977ರಲ್ಲಿ ನಿಂತಿತು. ಬಹಳ ಹಿಂದೆ, 1864ರಲ್ಲಿಯೇ, ಸ್ವೀಡನ್ ದೇಶ ತನ್ನ ಕಾಡಿನ ಗುಂಡಿ ಬೇಟೆಯನ್ನು ನಿಷೇಧಿಸಿತ್ತು. ಅಲ್ಲಿಯ ಹಳೆಯ ಗುಂಡಿಗಳ ಗುರುತು ಇಂದಿಗೂ ಸಾವಿರ ಲೆಕ್ಕದಲ್ಲಿ ನೆಲದ ಮೇಲೆ ಕಾಣುತ್ತದಂತೆ.

ಈಗ ಕಾನೂನಿನ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂದರೆ ಗುಂಡು ಹೊಡೆಯುವುದು ಮಾತ್ರವಲ್ಲ. ಉರುಳು ಹಾಕುವುದು, ಬೋನಿಗೆ ಹಿಡಿಯುವುದು, ಅದಕ್ಕೆ ಪ್ರಯತ್ನ ಪಡುವುದು ಕೂಡ ಬೇಟೆಯೇ. ಪ್ರಾಣಿ ಸಿಕ್ಕಲಿಲ್ಲ ಎಂಬುದು ಸಮಜಾಯಿಷಿಯಾಗದು. "ನಾನು ಇಟ್ಟದ್ದು ಹಂದಿಗೆ, ಬಿದ್ದದ್ದು ಚಿರತೆ" ಎಂಬುದಂತೂ ಏನೇನೂ ಆಗದು. ಚಿರತೆ ಮೊದಲನೆಯ ಅನುಸೂಚಿಯ ಪ್ರಾಣಿ. ಶಿಕ್ಷೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆ. ಬೈಕಿನ ಕ್ಲಚ್ ವೈರಿನಲ್ಲಿ ಮಾಡಿದ ಉರುಳುಗಳು ನಮ್ಮ ಸೀಮೆಯ ಬೇಲಿಸಾಲುಗಳಲ್ಲಿ ಇಂದಿಗೂ ಇವೆ ಎಂಬುದು ನಮಗೆಲ್ಲರಿಗೂ ಗೊತ್ತಿದೆ, ಯಾರೂ ಬಾಯಿ ಬಿಡುವುದಿಲ್ಲ. ಚಿರತೆಯ ಸೊಂಟಕ್ಕೆ ಅದು ಬಿದ್ದರೆ ಎಳೆದಷ್ಟೂ ಒಳಗೆ ಕೊಯ್ಯುತ್ತದೆ. ಬಿಡಿಸಿ ಕಾಡಿಗೆ ಬಿಟ್ಟದ್ದೂ ಒಳಪೆಟ್ಟಿನಿಂದ ಆಮೇಲೆ ಸಾಯುವುದುಂಟು. ಇನ್ನು ಬೇಲಿಗೆ ನೇರವಾಗಿ ಮನೆಯ ವಿದ್ಯುತ್ ಕೊಡುವವರಿಗೆ ಹೇಳುವುದು ಏನೂ ಇಲ್ಲ. ಅದು ಮನುಷ್ಯಹತ್ಯೆಗೆ ದಾರಿ.

ಹಾಗಾದರೆ ಗುಂಡಿಯ ತತ್ತ್ವ ನಮಗೆ ಬೇಡವೇ? ಬೇಕು. ಅದಕ್ಕೆ ಮತ್ತೆ ಜುಗೂಳಕ್ಕೆ ಬರೋಣ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಅಲ್ಲಿಯ ರೈತರು ಹೊಲದ ಬದುವಿನಲ್ಲಿ ದೀಪ ಹಚ್ಚಿ, ಅಡಿಯಲ್ಲಿ ನೀರು ತುಂಬಿದ ಬುಟ್ಟಿಯಿಟ್ಟು, ನೀರಿಗೆ ಒಂದಿಷ್ಟು ಸೀಮೆಎಣ್ಣೆ ಬಿಟ್ಟಿದ್ದರು. ಗೊಣ್ಣೆಹುಳುವಿನ ದುಂಬಿ ದೀಪಕ್ಕೆ ಬಂದು ತಗಡಿಗೆ ತಾಗಿ ನೀರಿಗೆ ಬೀಳುತ್ತದೆ. ಗಡಿಯ ಊರಾದುದರಿಂದ ಮರಾಠಿಯ ಹುಮಣಿ ಎಂಬ ಹೆಸರನ್ನೂ ಅವರು ಬಳಸುತ್ತಾರೆ. ಒಂದು ಗಂಟೆಯಲ್ಲಿ ಬುಟ್ಟಿಯ ನೀರು ಕಾಣದಷ್ಟು ದುಂಬಿ. ನಾವು ಸಂತೋಷಪಟ್ಟು ನಮ್ಮಲ್ಲಿಯೂ ಇದನ್ನೇ ಮಾಡುವುದೆಂದು ಲೆಕ್ಕ ಹಾಕುತ್ತಿದ್ದಾಗ ಹಿರಿಯ ರೈತರೊಬ್ಬರು ನಕ್ಕು, "ಸರ, ಇದು ಬೇವಿನ ಗಿಡದ ಹುಳಾ ರೀ. ಹೊಳಿ ದಂಡಿ ಹುಳಾ ಬ್ಯಾರೆ ಐತಿ. ಅದು ದೀಪಕ್ಕ ಅಷ್ಟು ಬರೂದಿಲ್ಲ, ನೆಲದಾಗಿಂದ ಎದ್ದು ಅಲ್ಲೇ ಹಾರ್‍ಯಾಡಿ ಮತ್ತ ನೆಲಕ್ಕ ಹೋಗ್ತದ. ನಿಮ್ಮದು ಅದ ಇರಬೇಕು" ಎಂದರು. ನಿಜ. ದೀಪಕ್ಕೆ ಬರುವುದು ಬೇವು, ಜಾಲಿಯ ಎಲೆ ತಿನ್ನುವ ಹೋಲೋಟ್ರೈಕಿಯ ಸೆರ್ರೇಟ ಎಂಬ ಜಾತಿ. ನಮ್ಮ ಲ್ಯೂಕೋಫೋಲಿಸ್ ಸಂಜೆಗತ್ತಲಲ್ಲಿ ಸ್ವಲ್ಪ ಹೊತ್ತು ಮಾತ್ರ ನೆಲದ ಹತ್ತಿರ ಹಾರುತ್ತದೆ. ಅದಕ್ಕೆ ದೀಪದ ಗುಂಡಿ ಕಟ್ಟಿ ಹಣ ಕಳೆಯುವುದಕ್ಕಿಂತ ಮುಂಗಾರು ಹಿಡಿದ ಮೇಲೆ ಎರಡು ಮೂರು ವಾರ ಮನೆಮಂದಿಯೆಲ್ಲ ಟಾರ್ಚು, ಬಕೆಟ್ಟು ಹಿಡಿದು ತೋಟಕ್ಕೆ ಇಳಿದು ಕೈಯಿಂದ ಆಯುವುದೇ ಲೇಸು. ಒಂದು ಹೆಣ್ಣು ದುಂಬಿ ಹೋದರೆ ಅದರ ಮೊಟ್ಟೆಯೆಲ್ಲ ಹೋದ ಹಾಗೆ. ಒಂದೇ ತೋಟದವರು ಮಾಡಿದರೆ ಸಾಲದು, ಇಡೀ ಹಳ್ಳ ಕೂಡಿ ಮಾಡಬೇಕು. ಹುಳುವಿನ ಸ್ವಭಾವ ತಿಳಿಯದೆ ಬೋನು ಕೊಂಡರೆ ಲಾಭ ಬೋನು ಮಾರುವವನಿಗೆ.

ಕಾಫಿಯಲ್ಲಿ ಗುಂಡಿಯ ತತ್ತ್ವ ಒಳ್ಳೆಯ ಕೆಲಸ ಮಾಡಿರುವುದು ಕಾಯಿಕೊರಕದ ವಿಷಯದಲ್ಲಿ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡ ಈ ಪೀಡೆ ಆಮೇಲೆ ನಮ್ಮ ಕಾಫಿ ಜಿಲ್ಲೆಗಳನ್ನು ಹೊಕ್ಕಿತು. ಕೆಂಪು ಬಣ್ಣದ ಬ್ರೋಕಾ ಬೋನನ್ನು ನೀವೆಲ್ಲ ನೋಡಿದ್ದೀರಿ. ಬಿಚ್ಚಿ ನೋಡಿದರೆ ಅದು ಗಿಡಕ್ಕೆ ನೇತುಹಾಕಿದ ಗುಂಡಿಯೇ: ನುಣುಪಾದ ಲಾಳಿಕೆ, ತಳದಲ್ಲಿ ನೀರು. ಸಣ್ಣ ಶೀಷೆಯಲ್ಲಿ ಇಥನಾಲ್, ಮೆಥನಾಲ್ ಎಂಬ ಎರಡು ಮದ್ಯಸಾರಗಳ ಮಿಶ್ರಣ. ಹಣ್ಣಿನ ವಾಸನೆಯೆಂದು ಭ್ರಮಿಸಿ ಕೀಟ ಬರುತ್ತದೆ. ಈ ಕೀಟದಲ್ಲಿ ಗಂಡಿಗೆ ಹಾರಲು ಬಾರದು, ಹಾರಿ ಬರುವುದೆಲ್ಲ ಹೆಣ್ಣು. ಆದುದರಿಂದ ಬಿದ್ದ ಒಂದೊಂದೂ ಲೆಕ್ಕಕ್ಕೆ ಬರುವಂಥದು. ನೀರಿಗೆ ಒಂದು ಹನಿ ಸೋಪು ಹಾಕುವುದನ್ನು ಮರೆಯಬೇಡಿ. ಬರೀ ನೀರಿನ ಮೇಲ್ಮೈ ತೆಳು ಪೊರೆಯಂತೆ ಇಷ್ಟು ಸಣ್ಣ ಹುಳುವನ್ನು ತೇಲಿಸಿಬಿಡುತ್ತದೆ. ಎಕರೆಗೆ ಸುಮಾರು 10 ಸಾಕು. ಕಟ್ಟುವ ಕಾಲ ಕೊಯ್ಲು ಮುಗಿದ ಮೇಲೆ, ಗಿಡದಲ್ಲಿ ಹಣ್ಣಿಲ್ಲದೆ ಕೀಟ ಹಸಿದು ಅಲೆಯುವಾಗ. ಗಿಡದಲ್ಲಿಯೂ ನೆಲದಲ್ಲಿಯೂ ಉಳಿದ ಕಾಯಿಗಳನ್ನು ಆಯದೆ ಬೋನು ಮಾತ್ರ ಕಟ್ಟಿದವರು ನಮ್ಮಲ್ಲಿ ಅನೇಕರು. ಮುಂದೆ ಬೋನು, ಹಿಂದೆ ಹಬ್ಬದೂಟ ಇಟ್ಟರೆ ಯಾವ ಕೀಟ ಬೋನಿಗೆ ಹೋದೀತು?

ತೆಂಗಿಗೆ ಕಾಟ ಕೊಡುವ ಕುರುವಾಯಿ ದುಂಬಿಗೆ ಹರಳುಹಿಂಡಿಯ ಮಡಕೆ ಹಳೆಯ ಉಪಾಯ. ಒಂದು ಕಿಲೋ ಹಿಂಡಿಗೆ ಐದು ಲೀಟರ್ ನೀರು. ಮಡಕೆಯನ್ನು ಹೂಳುವುದಾದರೆ ಬಾಯಿ ನೆಲದ ಮಟ್ಟಕ್ಕೆ ಸರಿಯಾಗಿರಲಿ. ನೆಲದ ಕೀಟಗಳನ್ನು ಎಣಿಸಲು ವಿಜ್ಞಾನಿಗಳು ಮಣ್ಣಿನಲ್ಲಿ ಲೋಟ ಹೂಳುವಾಗ ನೋಡಿಕೊಳ್ಳುವುದೂ ಇದನ್ನೇ. ಅಂಚು ಒಂದು ಕಡ್ಡಿಯಷ್ಟು ಮೇಲಿದ್ದರೂ ಹುಳು ಅದನ್ನು ಬಳಸಿ ಹೋಗುತ್ತದೆ. ಇಲಿಗೆ ಬೋನಿಡುವವರು ನಾಲ್ಕೈದು ದಿನ ಕೊಂಡಿ ಸಿಕ್ಕಿಸದೆ ಬರೀ ತಿಂಡಿ ಇಟ್ಟು ನೋಡಲಿ. ಹೊಸ ವಸ್ತುವೆಂದರೆ ಇಲಿಗೆ ಅನುಮಾನ. ತಿಂದು ರುಚಿ ಹತ್ತಿದ ಮೇಲೆ ಕೊಂಡಿ ಹಾಕಿದರೆ ಒಂದೇ ರಾತ್ರಿ ನಾಲ್ಕಾರು ಬಿದ್ದಾವು.

ದುಂಬಿಯ ಗುಂಡಿಗೂ ಹಂದಿಯ ಗುಂಡಿಗೂ ಇರುವ ಭೇದ ಇಷ್ಟೆ. ಮೊದಲನೆಯದರಲ್ಲಿ ವಾಸನೆಯೋ ಬೆಳಕೋ ತನಗೆ ಬೇಕಾದವರನ್ನು ಮಟ್ಟಿಗೆ ಆರಿಸಿ ಕರೆಯುತ್ತದೆ. ಎರಡನೆಯದು ದಾರಿಯಲ್ಲಿ ಬಾಯಿ ತೆರೆದು ಮಲಗಿರುತ್ತದೆ, ಬಂದವರು ಯಾರಾದರೂ ಸರಿ.

ಈಗ ನಮ್ಮ ತಪ್ಪನ್ನು ಹೇಳಿಕೊಳ್ಳಬೇಕು. ಹಂದಿಗುಂಡಿ ಬೇಡವೆಂದು ಊರಿಗೆಲ್ಲ ಹೇಳುವ ನಾವೇ ನಾಲ್ಕು ವರ್ಷದ ಹಿಂದೆ ತೋಟದ ತಲೆಯ ಬ್ಯಾಣದಲ್ಲಿ 40 ಅಡಿ ಉದ್ದ, 40 ಅಡಿ ಅಗಲದ ಕೃಷಿ ಹೊಂಡ ತೆಗೆಸಿ, ಒಳಗೆ 500 ಮೈಕ್ರಾನಿನ ಕಪ್ಪು ಪ್ಲಾಸ್ಟಿಕ್ ಹಾಸಿಸಿದೆವು. ಬೇಲಿಯ ಖರ್ಚನ್ನು ಮುಂದಿನ ವರ್ಷಕ್ಕೆ ಎಂದು ತಳ್ಳಿದೆವು. ಮುಂದಿನ ವರ್ಷ ಅದರ ಮುಂದಿನ ವರ್ಷಕ್ಕೆ. ಬದಿ ಕಡಿದಾಗಿಲ್ಲ, ಒಂದಕ್ಕೆ ಒಂದರ ಇಳಿಜಾರು. ಬಿದ್ದವರು ಹತ್ತಿ ಬರಬಹುದು ಎಂದೇ ಎಣಿಸಿದ್ದೆವು. ಎರಡನೆಯ ಬೇಸಿಗೆಯಲ್ಲಿ ಒಂದು ಕಾಡುಕುರಿ ಸತ್ತು ತೇಲುತ್ತಿತ್ತು. ಹೂಳಿಸಿ ಸುಮ್ಮನಾದೆವು. ಕಳೆದ ಏಪ್ರಿಲ್ಲಿನಲ್ಲಿ ಕೆಲಸದವರ ಮನೆಯ ಎಂಟು ವರ್ಷದ ಹುಡುಗ ಚೆಂಡು ತೆಗೆಯಲು ಹೋಗಿ ಜಾರಿದ. ಅವನಿಗೆ ಈಜು ಬರುತ್ತಿತ್ತು. ಅಂಚಿಗೆ ಬಂದು ಬಂದು ಹತ್ತಲು ನೋಡಿದ. ಪಾಚಿ ಹಿಡಿದ ಪ್ಲಾಸ್ಟಿಕ್ಕಿನ ಮೇಲೆ ಕೈ ನಿಲ್ಲುವುದಿಲ್ಲ, ಕಾಲು ನಿಲ್ಲುವುದಿಲ್ಲ. ಅವನ ತಂದೆ ಮೇಲೆ ಮರದಲ್ಲಿ ಔಷಧಿ ಹೊಡೆಯುತ್ತಿದ್ದವರು ಕೂಗು ಕೇಳಿ ಇಳಿದು ಓಡಿ ಬಂದು ಅಡಕೆ ದೋಟಿಯನ್ನು ಚಾಚಿದರು. ನಾವು ಅಲ್ಲಿಗೆ ತಲಪಿದಾಗ ಹುಡುಗ ದಂಡೆಯ ಮೇಲೆ ಕೂತು ನಡುಗುತ್ತಿದ್ದ. ತಂದೆ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಕೊಟ್ಟಿಗೆಯ ಸೂರಿನ ಕೆಳಗಿನ ಇರುವೆ ಸಿಂಹದ ಕುಳಿಯನ್ನು ನೆನಪಿಸಿಕೊಳ್ಳಿ. ಇಳಿಜಾರು ಗೋಡೆ, ಹಿಡಿತ ಸಿಗದ ಮೈ. ನಮ್ಮ ಹೊಂಡ ಅದಕ್ಕಿಂತಲೂ ಪಕ್ಕಾ, ಏಕೆಂದರೆ ಬೇಸಿಗೆಯಲ್ಲಿ ಸುತ್ತ ಎಲ್ಲಿಯೂ ನೀರಿಲ್ಲದಾಗ ಒಳಗೆ ನೀರೇ ಇದೆ. ಆನೆ ಓಡಾಡುವ ಕಡೆ ತೋಟದ ಕೆರೆಗಳಿಗೆ ಆನೆ ಬೀಳುವ ಸುದ್ದಿ ಪ್ರತಿವರ್ಷವೂ ಇದೆ. ಜೆಸಿಬಿ ತಂದು ಒಂದು ಬದಿ ಕಡಿದು ದಾರಿ ಮಾಡಿದ ಮೇಲೆಯೇ ಅವು ಹೊರಬರುವುದು.

ಹುಡುಗ ಬಿದ್ದ ಮರುದಿನವೇ ಮಾಡಿಸಿದ್ದನ್ನು ಹೇಳುತ್ತೇವೆ. ಐದು ಅಡಿ ಎತ್ತರದ ಬೇಲಿ, ಬೀಗವಿರುವ ಬಾಗಿಲು. ನಾಲ್ಕೂ ಬದಿಗೆ ಒಂದೊಂದು ದಪ್ಪ ಹಗ್ಗ, ಅಡಿಗೊಂದು ಗಂಟು, ಮೇಲೆ ಕಲ್ಲುಕಂಬಕ್ಕೆ ಕಟ್ಟಿ ತಳದವರೆಗೆ ಇಳಿಬಿಟ್ಟದ್ದು. ಒಂದು ಮೂಲೆಯಲ್ಲಿ ಹಳೆಯ ಟೈರುಗಳನ್ನು ಸರಪಣಿಯಂತೆ ಕಟ್ಟಿ ಮೆಟ್ಟಿಲು. ಇನ್ನೊಂದು ಮೂಲೆಯಲ್ಲಿ ಮೂರಡಿ ಅಗಲಕ್ಕೆ ತೆಂಗಿನ ನಾರಿನ ಚಾಪೆ. ಚಿಕ್ಕ ಪ್ರಾಣಿಗಳ ಉಗುರಿಗೆ ಹಿಡಿತ ಸಿಗುವುದಕ್ಕೆ. ನೀರಿನ ಮೇಲೆ ಒಂದು ಅಡಕೆ ಮರದ ತುಂಡು ತೇಲಿಬಿಟ್ಟು ದಡಕ್ಕೆ ಕಟ್ಟಿದೆವು. ಕಪ್ಪೆ, ಅಳಿಲಿನಂಥವುಗಳಿಗೆ ಅಷ್ಟು ಸಾಕು. ಆನೆ ಬರುವ ಕಡೆಯವರು ಒಂದು ಬದಿಯನ್ನು ಒಂದಕ್ಕೆ ಮೂರರಷ್ಟು ಇಳಿಜಾರು ಮಾಡಿ ಮರಳಿನ ಚೀಲ ಹಾಸುವುದು ಮೇಲು. ನಮ್ಮ ಒಟ್ಟು ಖರ್ಚಿನಲ್ಲಿ ಬೇಲಿಯದೇ ದೊಡ್ಡದು, ಉಳಿದುದೆಲ್ಲ ಮನೆಯಲ್ಲಿಯೇ ಇತ್ತು. ಕಾಫಿ ಸಾಲುಗಳ ನಡುವೆ ನೀರಿಂಗಲು ತೋಡುವ ತೊಟ್ಟಿಲು ಗುಂಡಿಗಳ ಮೇಲೆ ತರಗೆಲೆ ಮುಚ್ಚಿ ಕೊಯ್ಲಿನ ಹೆಂಗಸರ ಕಾಲು ಉಳುಕುವುದೂ ಉಂಟು. ಕೊಯ್ಲಿಗೆ ಮುಂಚೆ ಅವುಗಳ ತಲೆಗೊಂದು ಕೋಲು ನೆಡಿಸಿ. ಪಾಳುಬಿದ್ದ ಬಾವಿಗಳಿಗೆ ಮುಚ್ಚಳವಾಗಲಿ.

ಹಂದಿಯ ಪ್ರಶ್ನೆ ಕೇಳಿದ ಸದಸ್ಯರ ತೋಟಕ್ಕೆ ಮೊನ್ನೆ ಹೋಗಿ ಬಂದೆವು. ನಷ್ಟ ನಿಜವಾದದ್ದೇ, ಇನ್ನೂರು ಸಸಿಗಳಲ್ಲಿ ನಿಂತುದು ತೊಂಬತ್ತು. ಬೆಳೆನಷ್ಟದ ಅರ್ಜಿಯನ್ನು ಅವರ ಜಗಲಿಯಲ್ಲಿಯೇ ಕುಳಿತು ವಲಯ ಅರಣ್ಯಾಧಿಕಾರಿಯವರ ಹೆಸರಿಗೆ ಬರೆದು, ಪಹಣಿಯ ನಕಲನ್ನೂ ಕಿತ್ತ ಸಸಿಗಳ ಫೋಟೋಗಳನ್ನೂ ಜೊತೆಗಿಟ್ಟೆವು. ಅಗಳ ಕುಸಿದ ಜಾಗವನ್ನು ಕಟ್ಟಿಸಿ ಆ ಬದಿಗೆ ಸೋಲಾರ್ ಬೇಲಿ ಎಳೆಯಲು ಸಂಘದಿಂದ ಸಾಲಕ್ಕೆ ಅವರ ಅರ್ಜಿ ಬಂದಿದೆ, ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡುತ್ತೇವೆ. ಹೊರಡುವಾಗ ಅವರ ಹೊಂಡವನ್ನೂ ನೋಡಿದೆವು. ಬೇಲಿ ಇರಲಿಲ್ಲ. ಹಗ್ಗಕ್ಕೆ ಬೇಕಾದ ಅಳತೆ ತೆಗೆದುಕೊಂಡು ಬಂದಿದ್ದೇವೆ. ಬೇರೆಯವರೂ ತಮ್ಮ ಹೊಂಡದ ಅಳತೆ ಬರೆದು ಕಚೇರಿಗೆ ಕೊಟ್ಟರೆ ಹಗ್ಗವನ್ನೂ ನಾರಿನ ಚಾಪೆಯನ್ನೂ ಒಟ್ಟಿಗೆ ತರಿಸಬಹುದು.